ಅಜ್ಜಿ ಹೊಲಿದಿಟ್ಟ ‘ಶನಿಯಾಚೆಯವರು’

ಒಂದು ಕತೆಯಲ್ಲಿ ಮುಂದೇನಾಯಿತು ಎಂದು ತಿಳಿಯಲು ಏಳು ದಿನ ಕಾಯಬೇಕಾಗಿದ್ದ ಕಾಲ ಅದು. ಹೊಳಲ್ಕೆರೆಯ ನಮ್ಮ ಮನೆಗೆ ವಾರಪತ್ರಿಕೆ ಬರುತ್ತಿರಲಿಲ್ಲ. ಪಕ್ಕದ ಮನೆಯ ಟೀಚರು ತರಿಸುತ್ತಿದ್ದರು. ಅವರು ಓದಿ, ಅವರ ಅತ್ತೆ ಓದಿ, ನನ್ನ ಕೈಗೆ ಸಿಗುವಷ್ಟರಲ್ಲಿ ಅದರ ಮೂಲೆಗಳೆಲ್ಲ ಮೆತ್ತಗಾಗಿ ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು. ಅದರಲ್ಲಿ ‘ಶನಿಯಾಚೆಯವರು’ ಎಂಬ ವೈಜ್ಞಾನಿಕ ಧಾರಾವಾಹಿ ಬರುತ್ತಿತ್ತು. ನಾನು ಅದಕ್ಕೆ ಗಂಟುಬಿದ್ದದ್ದು ಐದನೆಯ ತರಗತಿಯ ಕೊನೆಗೆ. ಅಷ್ಟರಲ್ಲಿ ಅದು ನೂರಿಪ್ಪತ್ತು ಕಂತು ದಾಟಿತ್ತು. ಯಾರು ಒಳ್ಳೆಯವರು, ಯಾರು ಕೆಟ್ಟವರು, ಆಕಾಶನೌಕೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಯಾಕೆ ಅನುಮಾನದಿಂದ ನೋಡುತ್ತಾರೆ, ಒಂದೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದೆಯೂ ಕೈಕಾಲು ತಣ್ಣಗಾಗುತ್ತಿದ್ದವು.

“ಮೊದ್ಲಿಂದ ಓದ್ಬೇಕು ಅಂದ್ರೆ ಅಜ್ಜಿ ಊರಿಗೆ ಹೋಗು. ಅವ್ವ ಒಂದು ಕಂತೂ ಬಿಡ್ದೆ ಹೊಲ್ದು ಇಟ್ಟಾಳೆ” ಅಂದಳು ಅಮ್ಮ.

ಹಾಗಾಗಿ ಆ ಬೇಸಿಗೆ ರಜೆಗೆ ನಾನು ಭರಮಸಾಗರಕ್ಕೆ ಹೋದದ್ದು ಅಜ್ಜಿಯ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಕತೆಯ ಆಸೆಗೆ ಹೋದೆ. ದುರ್ಗದಲ್ಲಿ ಬಸ್ಸು ಬದಲಿಸಿ, ದಾವಣಗೆರೆ ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡು ಹೋಗಿ ಇಳಿದಾಗ ತಿಪ್ಪೇಶಮಾವ ಸೈಕಲ್ಲು ಹಿಡಿದು ನಿಂತಿದ್ದ. ಅಜ್ಜಿಯ ಮನೆಯಲ್ಲಿದ್ದವರು ಅವನೂ ಅಜ್ಜಿಯೂ ಇಬ್ಬರೇ. ಮಾವ ಕಂಬಳಿ ನೇಯುತ್ತಿದ್ದ. ಮನೆಯ ಮುಂಭಾಗದಲ್ಲೇ, ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಗುಣಿ. ಹೊಸಿಲು ದಾಟಿದರೆ ಕುರಿಯುಣ್ಣೆಯ ವಾಸನೆ, ಅದರ ಮೇಲೆ ಹುಣಸೆಬೀಜ ಹುರಿದು ಬೀಸಿ ಕುದಿಸಿದ ಸರಿಯ ವಾಸನೆ. ಕಂಬಳಿ ಬಿಗಿಯಾಗಲಿ ಎಂದು ಬಳಿಯುವ ಆ ಅಂಟನ್ನೇ ಅಜ್ಜಿ ತನ್ನ ಪುಸ್ತಕಗಳ ಬೆನ್ನಿಗೂ ಬಳಿಯುತ್ತಿದ್ದಳು.

ಪುಸ್ತಕಗಳು ಅಂದರೆ ಆಗ ಎಷ್ಟೋ ಮನೆಗಳ ಹೆಂಗಸರು ಮಾಡುತ್ತಿದ್ದ ಕೆಲಸವೇ. ವಾರಪತ್ರಿಕೆಯಿಂದ ಧಾರಾವಾಹಿಯ ಹಾಳೆಗಳನ್ನು ಮಾತ್ರ ಬಿಡಿಸಿ, ಜೋಡಿಸಿ, ಹೊಲಿದು ಇಟ್ಟುಕೊಳ್ಳುವುದು. ಬೇರೆಯವರು ಸೂಜಿ ದಾರದಲ್ಲಿ ಹೊಲಿದರೆ ನಮ್ಮಜ್ಜಿ ಗೋಣಿಚೀಲ ಹೊಲಿಯುವ ದಬ್ಬಣ ಹಿಡಿದು, ಕರಿಯುಣ್ಣೆಯ ನೂಲಿನಲ್ಲಿ ಹೊಲಿಯುತ್ತಿದ್ದಳು. ಹಳೆಯ ಕ್ಯಾಲೆಂಡರಿನ ರಟ್ಟೇ ಹೊದಿಕೆ. ‘ಶನಿಯಾಚೆಯವರು’ ಅಂಥ ಐದು ಕಟ್ಟುಗಳಾಗಿ ಟ್ರಂಕಿನಲ್ಲಿ ಕೂತಿತ್ತು. ಕಂತಿನ ಸಂಖ್ಯೆ ಹಾಳೆಯ ಒಳಮೂಲೆಯಲ್ಲಿ ಅಚ್ಚಾಗುತ್ತಿದ್ದುದರಿಂದ ಅಜ್ಜಿಯ ದಪ್ಪ ಹೊಲಿಗೆ ಸರಿಯಾಗಿ ಅದರ ಮೇಲೆಯೇ ಹಾಯ್ದು ಅಂಕಿಗಳೆಲ್ಲ ನೂಲಿನಡಿ ಮುಚ್ಚಿಹೋಗಿದ್ದವು. ಅದರಿಂದ ಏನಾದೀತು ಎಂದು ಆಗ ಯಾರಿಗೆ ಗೊತ್ತಿತ್ತು!

ಮೊದಲ ಎರಡು ಕಟ್ಟುಗಳನ್ನು ನಾಲ್ಕೇ ದಿನದಲ್ಲಿ ನುಂಗಿದೆ. ಬೆಳಿಗ್ಗೆ ರೊಟ್ಟಿ ಶೇಂಗಾಚಟ್ನಿ ತಿಂದು ಮಗ್ಗದ ಗುಣಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದವರೆಗೆ ಎದ್ದದ್ದಿಲ್ಲ. ಎದುರುಮನೆಯ ಹುಡುಗಿಯರು ಕುಂಟೆಬಿಲ್ಲೆಗೆ ಕರೆದು ಕರೆದು ಸಾಕಾಗಿ ಬಿಟ್ಟರು. ಶನಿಗ್ರಹದ ಆಚೆಗೆ ಹೋಗಿ ಬರುತ್ತಿರುವ ನೌಕೆ, ಅದರ ವೈದ್ಯೆ ವಸುಧಾ, ಎಲ್ಲರಿಗೂ ಬಿಸಿಬಿಸಿ ಮಾಡಿ ಬಡಿಸುವ ಅಡುಗೆ ಭೀಮಣ್ಣ. ಭೀಮಣ್ಣನೆಂದರೆ ನನಗೆ ಪ್ರಾಣ. ಅವನು ನಗಿಸಿದಲ್ಲೆಲ್ಲ ನಾನು ಗಟ್ಟಿಯಾಗಿ ನಕ್ಕು, ಮಾವನಿಂದ “ಏನ್ಲೇ ಅದು, ಒಬ್ಳೇ ಕಿಸೀತೀಯ” ಅಂತ ಬೈಸಿಕೊಳ್ಳುತ್ತಿದ್ದೆ.

ಅಜ್ಜಿ ನಾಲ್ಕನೆಯ ತರಗತಿ ಓದಿದವಳು. ಬೆರಳಿಟ್ಟು, ತುಟಿಯಾಡಿಸಿ ಓದುತ್ತಿದ್ದಳು. ವಸುಧಾಳನ್ನು ತನ್ನ ಮಗಳೆಂದೇ ತಿಳಿದಿದ್ದಳು.

“ಹೆಣ್ಮಗಳು ಅಷ್ಟು ದೂರ ಹೋಗ್ಯಾಳೆ. ಶನಿ ತಂಟೆಗೆ ಯಾಕೆ ಹೋಗ್ಬೇಕಿತ್ತು ಹೇಳು? ನಾವು ಇಲ್ಲಿಂದ್ಲೇ ಎಳ್ಳೆಣ್ಣೆ ಹಚ್ಚಿ ಕೈ ಮುಗೀತೀವಿ. ಇವ್ರು ಮನೆ ಬಾಗ್ಲಿಗೇ ಹೋಗ್ಯಾರೆ!”

“ಅದು ಗ್ರಹ ಅಜ್ಜಿ, ದೇವ್ರಲ್ಲ.”

“ಯಾವ್ದಾದ್ರೂ ಆಗ್ಲಿ, ಒಳ್ಳೇದಾಗಲ್ಲ.”

ಒಳ್ಳೆಯದಾಗಲಿಲ್ಲ. ಮೂರನೆಯ ಕಟ್ಟಿನಲ್ಲಿ ‘ತೊಟ್ಟವರು’ ಬಂದರು. ಅವರಿಗೆ ಸ್ವಂತ ರೂಪವಿಲ್ಲ. ಮನುಷ್ಯರ ಮೈಯನ್ನೇ ಅಂಗಿಯಂತೆ ತೊಟ್ಟುಕೊಂಡು, ಅವರ ದನಿಯಲ್ಲೇ ಮಾತಾಡುತ್ತ, ಅವರ ಜಾಗದಲ್ಲೇ ಮಲಗುತ್ತಾರೆ. ಗುರುತು ಹಿಡಿಯಲು ನಾಲ್ಕೇ ಲಕ್ಷಣ ಎಂದು ವಸುಧಾ ಬರೆದಿಡುತ್ತಾಳೆ. ಅವರಿಗೆ ರುಚಿ ತಿಳಿಯದು. ಹೆಸರುಗಳು ಅದಲುಬದಲಾಗುತ್ತವೆ. ತಾವೇ ಇಟ್ಟ ವಸ್ತು ತಮಗೇ ಸಿಗದು. ದಿನವೂ ನಡೆದ ದಾರಿ ತಪ್ಪುತ್ತದೆ.

ಅದನ್ನು ಓದಿದ ದಿನ ಮಧ್ಯಾಹ್ನ ಉಣ್ಣಲು ಕೂತಾಗ ಹುರುಳಿಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಮಾವ ಮುಖ ಕಿವುಚಿ, “ಅವ್ವ, ಎಲ್ಡು ಸಲ ಹಾಕೀಯೇನು ಉಪ್ಪು?” ಅಂದ. ಅಜ್ಜಿ ತಾನೂ ಒಂದು ತುತ್ತು ಮುದ್ದೆ ಅದ್ದಿ ನುಂಗಿ, “ಸರಿ ಐತಲ್ಲೋ” ಅಂದಳು.

ನನ್ನ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು.

ಅಲ್ಲಿಂದ ಮುಂದೆ ನಾನು ಓದಿದ್ದು ಕತೆಯನ್ನೋ ಅಜ್ಜಿಯನ್ನೋ ಹೇಳಲಾರೆ. ಅಜ್ಜಿ ಕನ್ನಡಕ ಹುಡುಕಿದಳು, ಅದು ಉಪ್ಪಿನ ಮಡಕೆಯೊಳಗೆ ಸಿಕ್ಕಿತು. ಅಜ್ಜಿ ಪೊರಕೆ ಹಿಡಿದು ಅಂಗಳದ ನಡುವೆ ನಿಂತು, ಗುಡಿಸಲು ಬಂದದ್ದೋ ಗುಡಿಸಿ ಆದದ್ದೋ ತಿಳಿಯದೆ ಬಹಳ ಹೊತ್ತು ಸುಮ್ಮನೆ ನಿಂತಳು. ನನ್ನನ್ನು “ಶಾಂತಾ” ಎಂದು ಕರೆದಳು. ಶಾಂತಾ ನನ್ನ ಅಮ್ಮ. ನಾನು ರೂಪಾ. “ನಾನು ರೂಪಾ ಅಜ್ಜಿ” ಅಂದರೆ, “ಅದೇ ಹೇಳಿದ್ನಲ್ಲೇ” ಅಂದಳು. ತಲೆ ಬಾಚಲು ಕರೆದರೆ ಹೋಗಲಿಲ್ಲ. ಅವಳ ಕೈತುತ್ತು ಒಲ್ಲೆನೆಂದೆ. ಮಾವನಿಗೆ ಹೇಳೋಣವೆಂದರೆ ಅವನು ನಗುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಅವನೂ ಅವರಲ್ಲಿ ಒಬ್ಬನಾಗಿದ್ದರೆ?

ಓದುವುದನ್ನು ಬಿಡಬಹುದಿತ್ತು. ಬಿಡಲಾಗಲಿಲ್ಲ. ಹೆದರಿಕೆಗೆ ಮದ್ದು ಮುಂದಿನ ಕಂತಿನಲ್ಲಿ ಇದ್ದೀತು ಎಂದು ಮುಂದಿನದನ್ನು ಓದುತ್ತಿದ್ದೆ, ಹೆದರಿಕೆ ಇನ್ನಷ್ಟಾಗುತ್ತಿತ್ತು. ಕೊನೆಗೆ ಭೀಮಣ್ಣನಿಗೇ ಲಕ್ಷಣಗಳು ಕಾಣಿಸಿಕೊಂಡವು. ಪಾಯಸಕ್ಕೆ ಉಪ್ಪು ಸುರಿದ. ವಸುಧಾಳನ್ನು ಬೇರೆ ಹೆಸರಿನಿಂದ ಕರೆದ. ಅವನು ನೌಕೆಯ ಹೊರಕೋಣೆಗೆ ಹೋದಾಗ ವಸುಧಾ ಅಳುತ್ತಲೇ ಒಳಗಿನಿಂದ ಬಾಗಿಲು ಹಾಕಿದಳು. “ಬಾಗ್ಲು ತೆಗಿಯಮ್ಮಾ, ನಾನು ಭೀಮಣ್ಣ” ಎಂದು ಅವನು ಬಡಿಯುತ್ತಲೇ ಇದ್ದ. ಪುಟ ತಿರುವಿದರೆ ಅದರ ಮಾತೇ ಇಲ್ಲ. ನೌಕೆ ಎಲ್ಲೋ ಬೇರೆ ಗ್ರಹದಲ್ಲಿ ಇಳಿದಿದೆ, ವಸುಧಾ ಕಲ್ಲು ಆರಿಸುತ್ತಿದ್ದಾಳೆ. ವಿಜ್ಞಾನದ ಕತೆಯಲ್ಲಿ ಕಾಲ ಹಿಂದುಮುಂದಾಗುತ್ತದೆ ಎಂದು ಟೀಚರು ಹೇಳಿದ್ದರು, ಹೀಗೇ ಇರಬೇಕು ಅಂದುಕೊಂಡೆ. ಹೊಳಲ್ಕೆರೆಯಲ್ಲಿ ಓದಿದ ಕಂತುಗಳಲ್ಲೂ ಭೀಮಣ್ಣನ ಸುಳಿವಿರಲಿಲ್ಲ. ಅಲ್ಲಿಗೆ ಅವನ ಕತೆ ಮುಗಿಯಿತು. ವಸುಧಾ ಮಾಡಿದ್ದೇ ಸರಿ, ತೆಗೆದಿದ್ದರೆ ಎಲ್ಲರೂ ಹೋಗುತ್ತಿದ್ದರು ಎಂದುಕೊಂಡು ಬಿಕ್ಕಿಬಿಕ್ಕಿ ಅತ್ತೆ.

ಮಾವ ಅವತ್ತು ಕಂಬಳಿ ಹೊರೆ ಕಟ್ಟಿಕೊಂಡು ದಾವಣಗೆರೆಗೆ ಹೋಗಿದ್ದ. ಅಜ್ಜಿ ಚೊಂಬು ಹಿಡಿದು ಮೂರನೆಯ ಮನೆಗೆ ಮಜ್ಜಿಗೆ ತರಲು ಹೋದಳು. ಹೋದವಳು ಬೇಗ ಬರಲಿಲ್ಲ. ಮೂರೇ ಮನೆಯ ದಾರಿಗೆ ಇಷ್ಟು ಹೊತ್ತೇ? ನಾಲ್ಕನೆಯ ಲಕ್ಷಣ! ನಾನು ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿದೆ.

ಸ್ವಲ್ಪ ಹೊತ್ತಿಗೆ ಬಾಗಿಲು ಅಲುಗಿತು.

“ಬಾಗ್ಲು ತೆಗಿಯೇ.”

“ನಾನು ಯಾರು ಹೇಳು” ಅಂದೆ.

“ಇದೇನೇ ಆಟ, ಬಿಸ್ಲು ಸುಡ್ತೈತೆ. ತೆಗಿಯೇ ಶಾಂತಾ.”

ಶಾಂತಾ! ನಾನು ಮಗ್ಗದ ಗುಣಿಯೊಳಕ್ಕೆ ಇಳಿದು, ಕಂಬಳಿ ಎಳೆದುಕೊಂಡು, ಕಿವಿ ಮುಚ್ಚಿ ಕೂತೆ. ಬಾಗಿಲು ಇನ್ನೂ ನಾಲ್ಕಾರು ಸಲ ಅಲುಗಿತು. “ಯವ್ವಾ, ಏನಾಯ್ತೇ ಒಳಗೆ?” ಎಂದು ಅದೇ ದನಿ ಗಾಬರಿಯಿಂದ ಕೇಳಿದಂತಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಸದ್ದು ನಿಂತಮೇಲೆ ಹೆದರಿಕೆ ಇಳಿಯಬೇಕಿತ್ತು, ಹೆಚ್ಚಾಯಿತು. ಎಷ್ಟೋ ಹೊತ್ತಿನ ಮೇಲೆ ಬಾಗಿಲ ಸಂದಿಯಿಂದ ಇಣುಕಿದರೆ ಹೊಸಿಲ ಮೇಲೆ ಮಜ್ಜಿಗೆಯ ಚೊಂಬು ಮಾತ್ರ ಇತ್ತು. ಚೆಲ್ಲಬಾರದೆಂದು ಅದರ ಮೇಲೆ ಒಂದು ತಟ್ಟೆ ಮುಚ್ಚಿತ್ತು. ಅಗುಳಿ ಸರಿಸಿ ಅದನ್ನು ಒಳಗೆ ತಂದಿಟ್ಟುಕೊಂಡೆ.

ಮಾವ ಹೊತ್ತು ಇಳಿಯುವ ಮುಂಚೆ ಬಂದ. “ಎಲ್ಲೇ ಅವ್ವ?”

“ಮಜ್ಜಿಗೆ ತರಾಕೆ ಹೋದ್ಲು” ಅಂದೆ. ಚೊಂಬು ನನ್ನ ಪಕ್ಕದಲ್ಲೇ ಇತ್ತು.

ಅವನು ಮನೆಮನೆ ಕೇಳಿದ. ಓಣಿಯವರೆಲ್ಲ ಹೊರಗೆ ಬಂದರು. ಯಾರೋ, “ಕೆರೆ ಕಡೆ ಹೋಗ್ತಿತ್ತಪ್ಪ ಅಜ್ಜಿ” ಅಂದರು. ಮಾವನ ಮುಖ ನೋಡಿದೆ. ಭರಮಸಾಗರದ ಕೆರೆ ಸಣ್ಣದಲ್ಲ. ಅವನು ಲುಂಗಿ ಎತ್ತಿ ಕಟ್ಟಿ ಏರಿಯ ಕಡೆ ಓಡಿದ, ಹಿಂದೆ ಇನ್ನೂ ನಾಲ್ಕು ಜನ ಓಡಿದರು. ನಾನು ಹೊಸಿಲಲ್ಲಿ ನಿಂತು, ಅಜ್ಜಿ ತೊಟ್ಟವಳಾದರೂ ಪರವಾಗಿಲ್ಲ, ಬರಲಿ, ಬರಲಿ ಎಂದು ಬೇಡಿಕೊಂಡೆ. ಅಂಥ ಹೆದರಿಕೆಯನ್ನು ನಾನು ಮತ್ತೆ ಯಾವ ಕತೆಯಲ್ಲೂ ಕಂಡಿಲ್ಲ.

ಕುರಿಗಳು ಹಟ್ಟಿಗೆ ಮರಳುವ ಹೊತ್ತಿಗೆ, ಧೂಳಿನ ನಡುವೆ ಅಜ್ಜಿ ಬಂದಳು. ಕುರಿ ಕಾಯುವ ಈರಣ್ಣ ಅವಳ ಕೈ ಹಿಡಿದಿದ್ದ, ಮಾವ ಇನ್ನೊಂದು ಕೈ ಹಿಡಿದಿದ್ದ. ಅಜ್ಜಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಿಸಿಲಿಗೆ ತುಟಿ ಒಡೆದಿತ್ತು.

“ತೂಬಿನ ಹತ್ರ ನಿಂತಿತ್ತು ತಿಪ್ಪೇಶಪ್ಪ” ಅಂದ ಈರಣ್ಣ. “ಮನ್ಯಾಗೆ ಹುಡ್ಗಿ ಒಬ್ಳೇ ಐತೆ, ಬಾಗ್ಲು ತೆಗೀವಲ್ದು, ಏನೋ ಕಂಡು ಹೆದರ್ಕಂಡೈತೆ, ಯಾರಾದ್ರೂ ಬರ್ರಿ ಅಂತ ಸಿಕ್ಕಸಿಕ್ಕೋರ್ನ ಕರೀತಿತ್ತು. ಯಾರ ಮನೆ ಅಜ್ಜಿ ಅಂದ್ರೆ ಹೇಳಾಕೆ ಬರ್ಲಿಲ್ಲ ನೋಡು.”

ಅಜ್ಜಿ ನೇರ ನನ್ನ ಹತ್ತಿರ ಬಂದು, ಒರಟು ಕೈಯಿಂದ ನನ್ನ ಕುತ್ತಿಗೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯೋ ಎಂದು. “ಹೆದರ್ಕಂಡ್ಯಾ ನನ್ನವ್ವಾ? ಬಂದ್ನಲ್ಲ. ಏನೂ ಇಲ್ಲ ತಗ” ಅಂದಳು. ಅವಳ ಸೆರಗಿನಲ್ಲಿ ಉಣ್ಣೆಯ ವಾಸನೆ, ಹುಣಸೆಬೀಜದ ಸರಿಯ ವಾಸನೆ. ಇದನ್ನು ಯಾರೂ ತೊಟ್ಟುಕೊಳ್ಳಲಾರರು ಎಂದು ಅವತ್ತು ತಿಳಿಯಿತು. ಅವಳ ಸೊಂಟ ಹಿಡಿದು ಅತ್ತೆ. ಅಳು ಯಾಕೆಂದು ಮಾತ್ರ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ, ಮಾವನಿಗೂ ಹೇಳಲಿಲ್ಲ.

ನಾಲ್ಕು ದಿನದ ಮೇಲೆ, ನಾಲ್ಕನೆಯದನ್ನು ಮುಗಿಸಿ ಐದನೆಯ ಕಟ್ಟು ತೆರೆದೆ. ಕೊನೆಯಲ್ಲಿ ಮೂರು ಕಂತುಗಳು ತಲೆಕೆಳಗಾಗಿ ಹೊಲಿಗೆಗೊಂಡಿದ್ದವು. ಪುಸ್ತಕ ತಿರುಗಿಸಿ ಹಿಡಿದು ಓದಿದೆ. ಭೀಮಣ್ಣ ತೊಟ್ಟವನಲ್ಲ. ಅವನಿಗೆ ಕಾಯಿಲೆ, ನೆನಪು ಜಾರುವ ಕಾಯಿಲೆ. ವಸುಧಾಳಿಗೆ ಅದು ತಿಳಿದು, ಓಡಿಹೋಗಿ ಬಾಗಿಲು ತೆಗೆಯುತ್ತಾಳೆ. ಅವನು ಇನ್ನೂ ಉಸಿರಾಡುತ್ತಿದ್ದಾನೆ. ಮುಂದಿನ ಗ್ರಹದ ನೆಲೆಯಲ್ಲಿ ಅವನನ್ನು ಆರೈಕೆಗೆ ಬಿಟ್ಟು, ಅವನ ಗುಡಿಸಲಿಗೆ ಕಟ್ಟೆ ಕಟ್ಟಲು ಅವಳು ಕಲ್ಲು ಆರಿಸುತ್ತಾಳೆ.

ಹೊಲಿಗೆಯ ನೂಲು ಸರಿಸಿ ಉಗುರಿನಿಂದ ಅಂಟು ಕೆರೆದು ಅಂಕಿ ನೋಡಿದೆ. ಮೂರನೆಯ ಕಟ್ಟಿನಲ್ಲಿ ಅರವತ್ತನೆಯದರ ಮುಂದೆ ಅರವತ್ತನಾಲ್ಕು. ಅರವತ್ತೊಂದು, ಎರಡು, ಮೂರು ಇಲ್ಲಿ, ನೂರರ ಆಚೆ ಬಂದು ಕೂತಿದ್ದವು. ಒಂದು ಕಂತೂ ಬಿಡದೆ ಹೊಲಿದವಳಿಗೆ ಯಾವುದರ ಮುಂದೆ ಯಾವುದು ಎಂಬುದೇ ಆಗಲೇ ತಪ್ಪತೊಡಗಿತ್ತು. ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಆ ಕಟ್ಟುಗಳನ್ನು ಸಾಲಾಗಿ ಓದಿದವಳು ನಾನೊಬ್ಬಳೇ. ನಾನು ಆ ತಪ್ಪನ್ನೂ ಕತೆಯೆಂದು ಓದಿದ್ದೆ.

ಮಾವ ಅಜ್ಜಿಯನ್ನು ದುರ್ಗದ ಡಾಕ್ಟರಿಗೆ ತೋರಿಸಿದ. ಅವರು ಹೇಳಿದ್ದೂ ಭೀಮಣ್ಣನ ಕಾಯಿಲೆಯೇ. ಆಮೇಲೆ ಅಜ್ಜಿ ನಾಲ್ಕು ವರ್ಷ ಇದ್ದಳು. ಧಾರಾವಾಹಿಯೂ ಮುಗಿಯಿತು, ಆ ಪತ್ರಿಕೆಯೂ ನಿಂತಿತು. ಪ್ರತಿ ರಜೆಗೂ ನಾನು ಅವಳ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಅವಳು ಪ್ರತಿ ಸಲವೂ ಹೊಸದಾಗಿ ಕೇಳಿ, “ಬಾಗ್ಲು ತೆಗೀತಾಳೇನೇ ಆ ಹುಡ್ಗಿ?” ಎಂದು ಕಂಗಾಲಾಗುತ್ತಿದ್ದಳು. “ತೆಗೀತಾಳೆ ಅಜ್ಜಿ” ಅನ್ನುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು, ಅವತ್ತು ನಾನು ಅಗುಳಿ ಹಾಕಿದ್ದು ಅವಳಿಗೇ ಹೆದರಿ ಎಂದು. ಮರುದಿನ ಅವಳಿಗೆ ನೆನಪಿರುತ್ತಿರಲಿಲ್ಲ. ಅಷ್ಟು ಸುಲಭದ ಮಾತನ್ನೂ ಆಡಲಾರದೆ ಹೋದೆ.

ಈಗ ನನ್ನ ಮಕ್ಕಳು ಮೊಬೈಲಿನಲ್ಲಿ ಹತ್ತು ಕಂತು ಒಂದೇ ದಿನಕ್ಕೆ ನೋಡಿ ಮುಗಿಸುತ್ತಾರೆ. ಮುಂದಿನದು ತಾನಾಗಿ ಬರುತ್ತದೆ, ತಪ್ಪುವ ಮಾತೇ ಇಲ್ಲ. ಐದು ಕಟ್ಟುಗಳು ನನ್ನ ಕಪಾಟಿನಲ್ಲಿವೆ. ಉಣ್ಣೆಗೆ ನುಸಿ ಹಿಡಿದಿದೆ, ವಾಸನೆ ಹೋಗಿದೆ. ಬಿಚ್ಚಿ ಸರಿಯಾಗಿ ಹೊಲಿಯಬಹುದು, ದಬ್ಬಣವೂ ನನ್ನ ಹತ್ತಿರವೇ ಇದೆ. ಮನಸ್ಸು ಬಂದಿಲ್ಲ. ಮಧ್ಯಾಹ್ನದ ಹೊತ್ತು ಮಾತ್ರ ನಾನು ಮನೆಯ ಬಾಗಿಲು ಹಾಕುವುದಿಲ್ಲ. ಆಚೆ ನಿಂತು ನನ್ನನ್ನು ಅಮ್ಮನ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ ಎಂದು ಗೊತ್ತಿದ್ದೂ ಹಾಕುವುದಿಲ್ಲ.