ಸುಮ್ಮನೆ ಕೂರಲು ಕಾರಿನಲ್ಲಿ ಹೋದದ್ದು

ನನಗೊಂದು ಅಭ್ಯಾಸ ಇದೆ. ಯಾವ ಮರದ ಕೆಳಗೆ ಕೂರಬೇಕಾದರೂ ಮೊದಲು ತಲೆಯೆತ್ತಿ ನೋಡುತ್ತೇನೆ. ತಿಪಟೂರು ಸೀಮೆಯಲ್ಲಿ ಹುಟ್ಟಿ, ತಿಪಟೂರು ಸೀಮೆಗೇ ಸೊಸೆಯಾಗಿ ಬಂದವಳಿಗೆ ಇದು ತಪ್ಪಲ್ಲ. ತೆಂಗಿನಕಾಯಿಗೆ ಮೂರು ಕಣ್ಣಿದೆ, ಅದು ನೋಡಿಕೊಂಡೇ ಬೀಳುತ್ತದೆ, ಯಾರ ತಲೆಯ ಮೇಲೂ ಬೀಳುವುದಿಲ್ಲ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಹೇಳಲಿ. ಆ ಮೂರು ಕಣ್ಣೂ ಇರುವುದು ತೊಟ್ಟಿನ ಕಡೆಗೆ, ಅದೂ ಸಿಪ್ಪೆಯ ಒಳಗೆ. ಬೀಳುವ ಕಾಯಿ ನೋಡುವುದೇ ಆದರೆ ತಾನು ಬಿಟ್ಟುಬಂದ ಗೊನೆಯನ್ನು ನೋಡೀತೇ ಹೊರತು ಕೆಳಗೆ ಕೂತ ನನ್ನನ್ನಲ್ಲ. ದೇವರ ಮೇಲೆ ಭಾರ ಹಾಕಬಹುದು, ಕಾಯಿಯ ಮೇಲೆ ಹಾಕಬಾರದು.

ಈ ಅಭ್ಯಾಸದ ಸಮೇತ ನಾನು ನ್ಯೂಜಿಲೆಂಡಿಗೆ ಹೋದೆ. ಮಗಳು ಶೈಲಾ ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಮಲ್ಲೇಶ ಹುಳಿಯಾರಿನವನು, ಅಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ. ಅವರ ಮಗಳು ಪುಟ್ಟಿ, ಒಂದನೇ ಕ್ಲಾಸು. ಅವರ ಜೊತೆ ಆರು ತಿಂಗಳು ಇದ್ದೆ.

ಶೈಲಾಳನ್ನು ನೋಡಿದ ಕೂಡಲೇ ಗೊತ್ತಾಯಿತು, ಇವಳು ನಿದ್ದೆ ಮಾಡುತ್ತಿಲ್ಲ ಎಂದು. ಕಣ್ಣು ಗುಳಿಬಿದ್ದಿತ್ತು. ರಾತ್ರಿ ಪಾಳಿ ಮುಗಿಸಿ ಬಂದವಳು ಹಾಸಿಗೆಗೆ ಹೋಗುವುದು ಬಿಟ್ಟು ಬಟ್ಟೆ, ಪಾತ್ರೆ, ಪುಟ್ಟಿಯ ಜಡೆ ಎಂದು ಸುತ್ತುತ್ತಿದ್ದಳು. ಕೆಲಸವೆಲ್ಲ ನಾನು ಮಾಡಿಟ್ಟರೂ ಒರೆಸಿದ ಕಟ್ಟೆಯನ್ನೇ ಇನ್ನೊಮ್ಮೆ ಒರೆಸುತ್ತಿದ್ದಳು. "ಮಲಿಕ್ಕಳೇ" ಎಂದರೆ, "ಮನೇಲಿ ಮಲಗಿದ್ರೆ ಕೆಲಸಾನೇ ಕಣ್ಮುಂದೆ ಬರುತ್ತಮ್ಮ, ನಿದ್ದೆ ಹತ್ತಲ್ಲ" ಎನ್ನುತ್ತಿದ್ದಳು. ಹೀಗೇ ಆದರೆ ರೋಗಿಗಳ ಪಕ್ಕದ ಮಂಚದಲ್ಲಿ ಇವಳೇ ಮಲಗುತ್ತಾಳೆ ಎಂದು ನನಗೆ ಒಳಗೊಳಗೇ ದಿಗಿಲು.

ಅವಳಿಗೆ ಮೊದಲ ಬಾರಿ ಭಾನುವಾರ ರಜೆ ಸಿಕ್ಕಿದಾಗ, "ನಡಿಯಮ್ಮ, ಎಲ್ಲಾರೂ ಹೋಗಾಣ" ಎಂದಳು.

"ಯಾರ ಮನೆಗೆ?"

"ಯಾರ ಮನೆಗೂ ಅಲ್ಲ. ಪಾರ್ಕಿಗೆ."

"ಅಲ್ಲೇನೈತೆ?"

"ಏನೂ ಇಲ್ಲ. ಹುಲ್ಲು, ಮರ."

ಹುಲ್ಲು, ಮರ ನೋಡಲು ಪೆಟ್ರೋಲು ಸುಡುವುದೇ! ನಮ್ಮಲ್ಲಿ ಮನೆಗೆ ಬೀಗ ಹಾಕಿ ಎಲ್ಲರೂ ಹೊರಟರೆ ಅದಕ್ಕೊಂದು ಕಾರಣ ಇರುತ್ತದೆ. ಮದುವೆ, ತಿಥಿ, ಮನೆದೇವರು, ಹೆಣ್ಣು ನೋಡುವುದು. ಎಲ್ಲಿಗೆ ಹೊರಟಿರಿ ಎಂದು ದಾರಿಯಲ್ಲಿ ಕೇಳಿದವರಿಗೆ ಸುಮ್ಮನೆ ಕೂತು ಬರಲು ಎಂದರೆ, ಮನೆಯಲ್ಲಿ ಜಗಳ ಆಗಿರಬೇಕು ಎಂದುಕೊಳ್ಳುತ್ತಾರೆ.

ಪಾರ್ಕು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಗುಡ್ಡದ ತುಂಬ ಹುಲ್ಲು. ಅಷ್ಟು ಹುಲ್ಲಿಗೆ ಒಂದು ಹಸುವೂ ಇಲ್ಲದ್ದು ಕಂಡು ಹೊಟ್ಟೆ ಉರಿಯಿತು. ಅಲ್ಲಿನ ಜನ ಹಪ್ಪಳ ಹರವಿದ ಹಾಗೆ ಬಿಸಿಲಿಗೆ ಬಿದ್ದುಕೊಂಡಿದ್ದರು. ನಾನು ತಲೆಯೆತ್ತಿ ನೋಡಿ, ಚಾಪೆಯನ್ನು ಒಂದು ಮರದಿಂದ ಇನ್ನೊಂದಕ್ಕೆ ಎಳೆಸಿದೆ.

"ಅತ್ತೆ, ಇದು ಕಾಯಿ ಬಿಡೋ ಮರ ಅಲ್ಲ" ಎಂದ ಅಳಿಯ.

"ಕೊಂಬೆ ಬೀಳಲ್ವೇನಪ್ಪ?"

ಚಾಪೆ ಹಾಸಿದರೂ ನನಗೆ ಕೂರಲಾಗಲಿಲ್ಲ. ತೋಟಕ್ಕೆ ಹೋದ ಹೆಂಗಸು ಬರಿಗೈಯಲ್ಲಿ ಮನೆಗೆ ಬರಬಾರದೆಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಗರಿಯೋ ಮಟ್ಟೆಯೋ, ಬಚ್ಚಲೊಲೆಗೆ ಏನಾದರೂ ಎಳೆದು ತರಬೇಕು. ಕೈ ತಾನಾಗಿ ಒಣ ಕಡ್ಡಿ, ಪುಳ್ಳೆ ಆಯತೊಡಗಿತು. ಒಂದು ಹೊರೆಯಾಗುವ ಹೊತ್ತಿಗೆ ಅಳಿಯ ಓಡಿಬಂದ.

"ಬುಡಿ ಅತ್ತೆ ಅದನ್ನ! ಇಲ್ಲಿ ಹಂಗೆಲ್ಲ ತಗಂಡೋಗಂಗಿಲ್ಲ."

"ಒಣಗಿ ಬಿದ್ದಿರೋದು ಕಣಪ್ಪ. ಯಾರಿಗೆ ಬೇಕು?"

"ಯಾರಿಗೂ ಬ್ಯಾಡ. ನಮ್ಮನೇಲಿ ಒಲೆ ಎಲ್ಲೈತೆ ಹೇಳಿ?"

ಅದು ನನಗೆ ಹೊಳೆದಿರಲಿಲ್ಲ. ಪುಟ್ಟಿಯೂ ಸೊಂಟದ ಮೇಲೆ ಕೈಯಿಟ್ಟು, "ಅದು ಹುಳಗಳ ಮನೆ ಅಂತ ನಮ್ಮ ಮಿಸ್ ಹೇಳಿದಾರಜ್ಜಿ" ಎಂದಳು. ಹುಳಗಳಿಗೆ ಮನೆ ಬಿಟ್ಟುಕೊಟ್ಟು, ಅಳಿಯನ ಮೇಲೆ ದೂರು ಹೇಳೋಣವೆಂದು ಮಗಳ ಕಡೆ ತಿರುಗಿದೆ.

ಶೈಲಾ ನಿದ್ದೆ ಹೋಗಿದ್ದಳು.

ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಹುಲ್ಲಲ್ಲಿ. ನಡುಹಗಲು, ಗಂಡಸರು ಓಡಾಡುವ ಜಾಗದಲ್ಲಿ, ಬಾಯಿ ತೆರೆದು, ಕಾಲು ಚಾಚಿ! ಎಬ್ಬಿಸಲು ಕೈ ಮುಂದೆ ಹೋಯಿತು. ಯಾರು ನೋಡಿದರೋ ಎಂದು ಸುತ್ತ ಕಣ್ಣಾಡಿಸಿದೆ. ಯಾರೂ ನೋಡುತ್ತಿರಲಿಲ್ಲ. ಒಬ್ಬ ಮುದುಕ ತನ್ನ ನಾಯಿ ಬೊಗಳದ ಹಾಗೆ ಹಗ್ಗ ಎಳೆದುಕೊಂಡು ದೂರದಿಂದ ಸುತ್ತಿ ಹೋದ. ಹಡೆದ ನನಗಿಂತ ಆ ಮುದುಕನಿಗೆ ಅವಳ ನಿದ್ದೆಯ ಬೆಲೆ ಹೆಚ್ಚು ಗೊತ್ತಿದೆಯೇ ಎನಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ.

"ಪುಟ್ಟೀನ ಜೋಕಾಲಿ ಆಡ್ಸೋಗಪ್ಪ" ಎಂದು ಅಳಿಯನನ್ನು ಅಟ್ಟಿದೆ. ಮರದ ನೆರಳು ಸರಿದು ಮಗಳ ಮುಖಕ್ಕೆ ಬಿಸಿಲು ಬಿತ್ತು. ನಾನೇ ಅಡ್ಡ ಕೂತೆ. ಬಿಸಿಲು ತಿರುಗಿದ ಹಾಗೆ ನಾನೂ ತಿರುಗಿದೆ. ಚೆಂಡು ಹಿಡಿದು ಗಲಾಟೆ ಮಾಡುತ್ತಾ ಬಂದ ಹುಡುಗರನ್ನು ಒಮ್ಮೆ ದುರುಗುಟ್ಟಿ ನೋಡಿದೆ. ಇಂಗ್ಲಿಷ್ ಬೇಕಾಗಲಿಲ್ಲ.

ಸಂಜೆಯ ಹೊತ್ತಿಗೆ ಅವಳು ಎದ್ದಳು. "ಎಬ್ಬಿಸ್ಬಾರ್ದೇನಮ್ಮ? ಕಟ್ಕೊಂಡು ಬಂದ ಬುತ್ತಿ ಹಾಗೇ ಇದೆ, ಯಾರೂ ಉಂಡೇ ಇಲ್ಲ. ನಿನ್ನ ದಿನಾನೂ ಹಾಳಾಯ್ತು."

"ನನ್ ದಿನ ನೋಡ್ಕಳಕ್ಕೆ ನಂಗೊತ್ತು. ತಟ್ಟೆ ಹಾಕು."

ಆಮೇಲೆ ಅವಳ ಪ್ರತಿ ರಜೆಯ ದಿನವೂ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದವಳು ನಾನೇ. ಹೊಸ ಹೊಸ ಪಾರ್ಕು ತೋರಿಸುತ್ತೇನೆಂದು ಅಳಿಯ ಸಡಗರಪಡುತ್ತಿದ್ದ. ಪಾರ್ಕು ಯಾವುದಾದರೇನು, ಹುಲ್ಲು ಮೆತ್ತಗಿದ್ದರೆ ಸಾಕಿತ್ತು. ನಾನು ಹೊರಡುವ ಹೊತ್ತಿಗೆ ಶೈಲಾಳ ಕೆನ್ನೆ ತುಸು ತುಂಬಿತ್ತು.

ಊರಿಗೆ ಬಂದ ಮೇಲೆ ಮೊನ್ನೆ, ಮಧ್ಯಾಹ್ನ ಉಂಡು, ತೋಟದ ಬದುವಿನ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಮಲಗಿದೆ. ಇಷ್ಟು ವರ್ಷ ಆ ತೋಟದಲ್ಲಿ ಗೇಯ್ದಿದ್ದೇನೆ, ಬೆನ್ನು ನೆಲಕ್ಕೆ ಹಾಕಿದ್ದು ಅದೇ ಮೊದಲು. ಪಕ್ಕದ ತೋಟದ ಗಂಗಮ್ಮ ಹುಲ್ಲಿನ ಹೊರೆ ಹೊತ್ತು ಬಂದವಳು ಕೂಗಿಕೊಂಡಳು.

"ಅಯ್ಯೋ ಶಿವನೇ! ಏನಾಯ್ತಕ್ಕಯ್ಯ?"

"ಏನೂ ಆಗಿಲ್ಲ ಕಣೇ. ಸುಮ್ನೆ ಮಲಗಿದೀನಿ."

"ಸುಮ್ಸುಮ್ನೆ ಯಾರಾರ ಮಲಗ್ತಾರಾ? ಶುಗರ್ ಇಳ್ದಿರ್ಬೇಕು. ತಾಳು, ಆಟೋ ಕರೆಸ್ತೀನಿ."

"ಆಟೋನೂ ಬ್ಯಾಡ, ಡಾಕ್ಟ್ರೂ ಬ್ಯಾಡ. ಹೊರೆ ಇಳಿಸಿ ಕೂತ್ಕ."

ನನ್ನ ಬುದ್ಧಿ ನೆಟ್ಟಗಿದೆಯೇ ಎಂದು ಪರೀಕ್ಷೆ ಮಾಡಲು ಅವಳು ಹೊರೆ ಇಳಿಸಿ ಚಾಪೆಯ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಮೊಣಕೈ ಊರಿದಳು. ಆಮೇಲೆ ಹೊರೆಗೇ ತಲೆ ಕೊಟ್ಟಳು.

"ಮನೇಲಿ ಎಮ್ಮೆ ಅರಚ್ತಾ ಇರುತ್ತೆ ಕಣಕ್ಕಯ್ಯ" ಎಂದಳು, ಮಲಗಿಕೊಂಡೇ.

"ಅರಚ್ಲಿ ಬುಡು. ನೀನು ಬರೋದು ಅದಕ್ಕೆ ಗೊತ್ತು."

ಗಂಗಮ್ಮ ಆಗಲೇ ಗೊರಕೆ ಹೊಡೆದಳು.