ಪೆರಂಬೂರಿನಲ್ಲಿ ಸಿಕ್ಕ ತಾಳ

ಗೆಳೆಯರೇ, ಬೆಂಗಳೂರಿನಿಂದ ರಾಕ್ ಬ್ಯಾಂಡ್ ಕಟ್ಟಿಕೊಂಡು ಮದರಾಸಿಗೆ ಬಂದ ನನ್ನ ಮರ್ಯಾದೆ ಇವತ್ತು ಸಂಜೆ ಪೆರಂಬೂರಿನ ಬಯಲಿನಲ್ಲಿ ಹೋಯಿತು.

ನಮಗಿಂತ ಮೊದಲು ನುಡಿಸಿದ ಇಲ್ಲಿನ ಬ್ಯಾಂಡಿನ ಡ್ರಮ್ಮರ್ ಶ್ರೀಧರನಿಗೆ, "ನಿಮ್ಮೂರಲ್ಲಿ ಗಿಟಾರ್ ಇದೆ, ಟೆರಿಲಿನ್ ಪ್ಯಾಂಟ್ ಇದೆ, ತಾಳ ಒಂದೇ ಇಲ್ಲ" ಎಂದಿದ್ದೆ.

"ಪಾಕ್ಕಲಾಂ ಸಾರ್, ನೋಡೋಣ" ಎಂದು ನಕ್ಕಿದ್ದ.

ನನ್ನ ಡ್ರಮ್ ಸೋಲೋ ಶುರುವಾಗಿ ಮೂರನೇ ಸುತ್ತಿಗೇ ಲೆಕ್ಕ ತಪ್ಪಿತು. ಎಲ್ಲಿದ್ದೇನೆಂದು ತಿಳಿಯದೆ ಸಿಕ್ಕಿದ್ದನ್ನೆಲ್ಲ ಬಾರಿಸುತ್ತಿದ್ದಾಗ, ಮುಂದಿನ ಸಾಲಿನ ಹೆಂಗಸೊಬ್ಬರು ತೊಡೆಯ ಮೇಲೆ ತಾಳ ಹಾಕುವುದು ಕಂಡಿತು. ಕಛೇರಿ ಕೇಳಿ ಬೆಳೆದ ಊರಲ್ಲವೇ! ಅವರ ಕೈಯನ್ನೇ ನಂಬಿ ಬಾರಿಸಿದೆ. ಅವರು ಜೋರಾಗಿ ಒಂದೇಟು ಹಾಕಿ ಸುಮ್ಮನಾದಾಗ ನಾನೂ ಧಡಾರನೆ ನಿಲ್ಲಿಸಿದೆ. ಭಾರೀ ಚಪ್ಪಾಳೆ.

ಕೆಳಗಿಳಿದು ಕೈಮುಗಿದೆ. ನೋಡಿದರೆ, ಪಕ್ಕದಲ್ಲೇ ಬಂದು ನಿಂತಿದ್ದ ಶ್ರೀಧರನ ತಾಯಿ ಅವರು.

"ಅಮ್ಮಾ, ನಿಮ್ಮ ತಾಳ ನನ್ನನ್ನು ಉಳಿಸಿತು."

"ತಾಳವೂ ಇಲ್ಲ, ಒಂದೂ ಇಲ್ಲ ಪಾ. ಸೊಳ್ಳೆ ಹೊಡೀತಿದ್ದೆ. ಕಡೇಲಿ ಒಂದು ಸಿಕ್ಕಿತು."

ಶ್ರೀಧರ ನಗದೆ ನನ್ನ ಕೈ ಕುಲುಕಿದ. "ಟೈಮಿಂಗ್ ಫಸ್ಟ್ ಕ್ಲಾಸ್ ಸಾರ್."

ನಾಳೆ ನಮ್ಮ ಕಾರ್ಯಕ್ರಮ ಕಡಲತೀರದಲ್ಲಿ. ಅಲ್ಲಿ ಗಾಳಿ ಜೋರು, ಒಂದು ಸೊಳ್ಳೆಯೂ ಇರುವುದಿಲ್ಲವಂತೆ. ಯಾರನ್ನು ನೋಡಿಕೊಂಡು ನುಡಿಸಲಿ?