ಮಾಸ್ತರರು ಬಿಚ್ಚಿ ತೋರಿಸಿದ ಹೊಲಿಗೆ

ನಿವೃತ್ತಿಗೆ ಹಿಂದಿನ ವರ್ಷ ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಆಗಿದ್ದೆ. ಬಾಯಿ ಜೋರು ಎಂದು ನನ್ನ ಹೆಸರು ಕೆಟ್ಟಿತ್ತು. ಕೆಡಲಿ ಬಿಡಿ, ಕರುಳಿನ ಆಪರೇಷನ್ ಆದವರ ವಾರ್ಡಿನಲ್ಲಿ ಮೆತ್ತಗೆ ಮಾತಾಡಿದರೆ ನಡೆಯುವುದಿಲ್ಲ. ಕರುಳೆಂದರೆ ರೋಗಾಣುಗಳ ಮನೆ. ಅದನ್ನು ಕೊಯ್ದು ಜೋಡಿಸಿದ ಮೇಲೆ ಹೊಟ್ಟೆಯ ಗಾಯ ಕೀವಾಗದಂತೆ ಕಾಯುವುದೇ ದೊಡ್ಡ ಕೆಲಸ.

ಆಗ ಕಮರಿಪೇಟೆಯ ನಿವೃತ್ತ ಗಣಿತದ ಮಾಸ್ತರರೊಬ್ಬರು ದೊಡ್ಡ ಕರುಳಿನ ಕ್ಯಾನ್ಸರ್ ಎಂದು ದಾಖಲಾದರು. ಆಪರೇಷನ್ ಮಾಡಿದ ಸರ್ಜನ್ ಈ ಮಾಸ್ತರರ ಕೈಯಲ್ಲೇ ಕಲಿತವರು. ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಕೊಯ್ಯುವ ಮುಂಚೆ ಆಂಟಿಬಯಾಟಿಕ್ ಕೊಟ್ಟರು. ಹೊಟ್ಟೆಯ ಕೂದಲನ್ನು ಚರ್ಮ ಗೀರುವ ಬ್ಲೇಡಿನಿಂದ ಕೆರೆಸದೆ ಕ್ಲಿಪ್ಪರಿನಿಂದ ತೆಗೆಸಿದರು. ಹೊಟ್ಟೆ ಮುಚ್ಚುವಾಗ ಗ್ಲೋವ್ಸ್, ಉಪಕರಣ ಎಲ್ಲ ಬದಲಿಸಿದರು. ಗಾಯ ಮಾಯ್ದ ಕೂಡಲೇ ಕೀಮೋ ಶುರುವಾಗಬೇಕು, ತಡವಾದರೆ ಕ್ಯಾನ್ಸರ್ ಮತ್ತೆ ಹಬ್ಬಬಹುದು ಎಂದು ಮನೆಯವರಿಗೂ ತಿಳಿಸಿದರು.

ನಮ್ಮ ಕಡೆ ಪೇಶಂಟನ್ನು ಮಾತಾಡಿಸಲು ಹೋಗದಿದ್ದರೆ ಜೀವಮಾನದ ಮುನಿಸು. ಹಳೆಯ ವಿದ್ಯಾರ್ಥಿಗಳು ಗುಂಪುಗುಂಪಾಗಿ ಬಂದರು. ಒಂದು ಮಧ್ಯಾಹ್ನ ನೋಡುತ್ತೇನೆ, ಮಾಸ್ತರರು ಅಂಗಿ ಎತ್ತಿ, ಡ್ರೆಸ್ಸಿಂಗ್ ಬಿಚ್ಚಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಾರೆ.

"ನೋಡ್ರಿ, ಒಂದರೆ ಹೊಲಿಗಿ ಸೊಟ್ಟ ಐತೇನು? ಸರಳರೇಖಿ ಈ ಡಾಕ್ಟರಗ ನಾನ ಕಲಿಸೇನಿ."

ಬಂದವರಲ್ಲೊಬ್ಬ ತಾನೂ ಮುಟ್ಟಿ ನೋಡಿದ. ನನ್ನ ಮೈ ಉರಿದುಹೋಯಿತು.

"ಅದು ಹೊಟ್ಟಿ ಐತ್ರಿ ಮಾಸ್ತರ, ಕರಿಹಲಗಿ ಅಲ್ಲ," ಎಂದು ಗದರಿದೆ. ಎಲ್ಲರೂ ನಕ್ಕರು.

ಗಾಯ ಸ್ವಚ್ಛಮಾಡಿ ಹೊಸ ಡ್ರೆಸ್ಸಿಂಗ್ ಹಾಕಿ ಡಾಕ್ಟರಿಗೆ ಹೇಳಿದೆ. ಅಷ್ಟು ದೊಡ್ಡ ಸರ್ಜನ್, ಮಾಸ್ತರರ ಮುಂದೆ ಕೈಕಟ್ಟಿ ನಿಂತು, "ಸರ್, ದಯಮಾಡಿ ಮುಟ್ಟಬ್ಯಾಡ್ರಿ," ಎಂದರು. ಗುರುವನ್ನು ಬೈಯಲು ಅವರಿಗೆ ನಾಲಿಗೆ ಏಳಲಿಲ್ಲ. ಮಾಸ್ತರರು ಅವರ ಬೆನ್ನು ಚಪ್ಪರಿಸಿ, "ಆತಪಾ," ಎಂದರು.

ವಾರ್ಡಿನಲ್ಲಿ ನಾನು ಕಾವಲಿದ್ದೆ. ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ತಡೆಯುವವರು ಯಾರು? ಬಂದವರಿಗೆಲ್ಲ ಚಹಾ, ಜೊತೆಗೆ ಹೊಲಿಗೆಯ ದರ್ಶನ. ಜ್ವರ ಬಂದು ವಾಪಸಾದಾಗ ಗಾಯ ಕೆಂಪಗೆ ಊದಿತ್ತು, ಒತ್ತಿದರೆ ಕೀವು. ಹೊಲಿಗೆ ಬಿಚ್ಚಿ ಗಾಯವನ್ನು ತೆರೆದೇ ಇಡಬೇಕಾಯಿತು. ದಿನಾ ತೊಳೆದೆ. ಕೀವು ನಿಂತಿತೆನ್ನುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಅಂಥ ಗಾಯವಿರುವಾಗ ಕೀಮೋ ಕೊಡುವಂತಿಲ್ಲ. ಮುಂದೂಡಿದರು, ಮತ್ತೆ ಮುಂದೂಡಿದರು. ಗಾಯ ಕೂಡಿಕೊಂಡಾಗ ಸ್ಕ್ಯಾನ್ ಮಾಡಿಸಿದರೆ ಕ್ಯಾನ್ಸರ್ ಲಿವರಿಗೆ ಹೋಗಿತ್ತು. ಮಾಸ್ತರರು ಹೆಚ್ಚು ಕಾಲ ಉಳಿಯಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದ ದಿನ ಡಾಕ್ಟರು ರೌಂಡ್ಸ್ ಮುಗಿಸಿ ನನ್ನ ಟೇಬಲ್ಲಿನ ಹತ್ತಿರ ಕುಳಿತರು.

"ಸಿಸ್ಟರ್, ಬ್ಯಾರೆ ಯಾರರೆ ಹೊಲಿಗಿ ಹಾಕಿದ್ರ ಸರ್ ಬಿಚ್ಚಿ ತೋರಸ್ತಿದ್ದಿಲ್ಲ, ಅಲ್ರಿ?"

"ಹೌದ್ರಿ," ಎಂದೆ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಗಾಯ ಕೆಡಬಹುದೆಂದು ಈ ಕೆಲಸ ನನಗೆ ಕಲಿಸಿತು. ಅದನ್ನು ಕಲಿಯುವ ಮೊದಲೇ ನಿವೃತ್ತಿಯಾಗಿದ್ದರೆ ಚೆನ್ನಾಗಿತ್ತು.